ತೋಟಾ ಇಲ್ಲದ ರಿವಾಲ್ವರ್

ಹಳೆಯ ರಿವಾಲ್ವರಿನ ಆಯುಷ್ಯವನ್ನು ನಿರ್ಧರಿಸುವುದು ಅದರ ಉಕ್ಕಲ್ಲ, ಹಿತ್ತಾಳೆ. ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಉಕ್ಕು ನೂರೈವತ್ತು ವರ್ಷ ಬಾಳುತ್ತದೆ. ಆದರೆ ಅದರ ಗೂಡುಗಳಿಗೆಂದೇ ಅಳತೆ ಹಾಕಿ ಮಾಡಿದ ತೋಟಾ ಕಾರ್ಖಾನೆಯಿಂದ ಹೊರಬರುವುದು ನಿಂತ ದಿನ ಆಯುಧದ ಮಾತೂ ನಿಲ್ಲುತ್ತದೆ. ಆಮೇಲೆ ಅದನ್ನು ಇಟ್ಟುಕೊಂಡವರ ಮುಂದೆ ಉಳಿಯುವುದು ಎರಡೇ ದಾರಿ: ಆ ಮೌನವನ್ನು ಒಪ್ಪಿಕೊಳ್ಳುವುದು, ಇಲ್ಲವೇ ಬೇರಾವುದೋ ಆಯುಧಕ್ಕೆ ಮಾಡಿದ ಹಿತ್ತಾಳೆಯ ಕವಚವನ್ನು ಕತ್ತರಿಸಿ, ತೇಯ್ದು, ಇದಕ್ಕೆ ಕೂರಿಸುವುದು. ಈ ಎರಡನೆಯ ದಾರಿಯ ಬಗ್ಗೆ, ಮತ್ತು ಮೊದಲನೆಯದನ್ನು ನಮ್ಮ ಕಾನೂನು ಎಷ್ಟು ಕಷ್ಟವಾಗಿಸಿದೆ ಎಂಬುದರ ಬಗ್ಗೆ, ನಾಲ್ಕು ಮಾತು ಬರೆಯಬೇಕೆನಿಸಿದೆ.

ಇಂಥ ವಿಷಯ ಸಾಹಿತ್ಯ ಬಳಗದ ಅಂಗಳಕ್ಕೇಕೆ ಎಂದು ಓದುಗರು ಕೇಳಬಹುದು. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಈಚೆಗೆ ಕೇಳಿದ ಪ್ರಶ್ನೆ ಇದಕ್ಕೆ ಕಾರಣ. ಅವರ ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಪರವಾನಗಿಯುಳ್ಳ ಒಂದು ಬ್ರಿಟಿಷ್ ರಿವಾಲ್ವರ್, ಅಜ್ಜನ ಕಾಲದ್ದು,.450 ಅಳತೆಯದು. ಅದಕ್ಕೆ ತೋಟಾ ಸಿಗದೆ ದಶಕಗಳೇ ಆಗಿವೆ. "ವಿದೇಶಗಳಲ್ಲಿ ಬೇರೆ ತೋಟಾದ ಖಾಲಿ ಕವಚ ಕತ್ತರಿಸಿ ಮದ್ದು ತುಂಬುತ್ತಾರಂತೆ, ಇಲ್ಲಿ ಯಾಕಾಗದು?" ಎಂಬುದು ಅವರ ಪ್ರಶ್ನೆ. ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದ ಇಂಥ ವಸ್ತುಗಳು ಇರುವುದು ಅಪರೂಪವೇನಲ್ಲ. ಸೇನೆಯಲ್ಲಿದ್ದವರು, ಪೊಲೀಸ್ ಇಲಾಖೆಯಲ್ಲಿದ್ದವರು, ಮಲೆನಾಡಿನ ತೋಟದವರು ಬಿಟ್ಟುಹೋದದ್ದನ್ನು ಮಕ್ಕಳು ಮೊಮ್ಮಕ್ಕಳು ಏನು ಮಾಡಬೇಕು ಎಂಬ ಪ್ರಶ್ನೆ ಆ ಒಂದು ಮನೆಗೆ ಸೀಮಿತವಲ್ಲ.

ಮೊದಲು ಹಿತ್ತಾಳೆಯ ಕೆಲಸವನ್ನು ತಿಳಿಯೋಣ. ತೋಟಾ ಎಂದರೆ ನಾಲ್ಕು ವಸ್ತುಗಳ ಕೂಟ: ಮುಂದಿನ ಗುಂಡು, ಒಳಗಿನ ಮದ್ದು, ಹಿಂದಿನ ಕೇಪು, ಇವು ಮೂರನ್ನೂ ಹಿಡಿದಿಡುವ ಕವಚ. ಕವಚಕ್ಕೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಮದ್ದು ಹೊತ್ತಿದ ಕ್ಷಣದಲ್ಲಿ ಈ ಕವಚ ಹಿಗ್ಗಿ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ; ಬಿಸಿ ಅನಿಲ ಹಿಂದಕ್ಕೆ, ಹಿಡಿದವನ ಮುಖದತ್ತ, ನುಗ್ಗದಂತೆ ತಡೆಯುತ್ತದೆ. ಮರುಕ್ಷಣ ಸ್ವಲ್ಪ ಕುಗ್ಗಿ, ಹೊರಗೆಳೆಯಲು ಬರುವಂತಾಗುತ್ತದೆ. ಹಿಗ್ಗಿ ಒಡೆಯದಿರುವ ಮೆದುತನವೂ ಕುಗ್ಗಿ ಹಿಂದಿರುಗುವ ಬಿರುಸೂ ಒಂದೇ ಲೋಹದಲ್ಲಿರಬೇಕು. ಹೀಗಾಗಿಯೇ ಒಂದೂವರೆ ಶತಮಾನ ಕಳೆದರೂ ಹಿತ್ತಾಳೆ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಈ ಹಿತ್ತಾಳೆಗೂ ನಮ್ಮ ಮುಂಬಯಿ ಉಪನಗರಗಳಿಗೂ ನಂಟಿದೆ. ಮಧ್ಯ ರೈಲ್ವೆಯ ಲೋಕಲ್ ಹಿಡಿದು ಡೊಂಬಿವಲಿ, ಕಲ್ಯಾಣ ದಾಟಿದರೆ ಬರುವ ಅಂಬರನಾಥ, 1060ರ ಶಿಲಾಹಾರ ಕಾಲದ ಶಿವಾಲಯಕ್ಕೆ ಹೆಸರಾದದ್ದು. ಅದೇ ಊರಿನ ಆರ್ಡ್ನೆನ್ಸ್ ಕಾರ್ಖಾನೆ ಮದ್ದುಗುಂಡಿಗೆ ಬೇಕಾದ ಹಿತ್ತಾಳೆಯನ್ನು ಕರಗಿಸಿ, ತೋಟಾದ ಕವಚಕ್ಕೆ ಮೂಲವಾಗುವ ಬಟ್ಟಲುಗಳನ್ನು ತಯಾರಿಸುತ್ತ ಬಂದಿದೆ. ಘಟ್ಟದ ಆಚೆ, ಪುಣೆಯ ಖಡಕಿಯಲ್ಲಿ 1869ರಲ್ಲಿ ಸ್ಥಾಪನೆಯಾದ ಮದ್ದುಗುಂಡಿನ ಕಾರ್ಖಾನೆ ಇದೆ. ದಿನವೂ ಆ ದಾರಿಯಲ್ಲಿ ಓಡಾಡುವ ಸಾವಿರಾರು ಕನ್ನಡಿಗರಿಗೆ, ಕಿಟಕಿಯಾಚೆ ದೇಶದ ತೋಟಾಗಳ ತವರು ಇದೆಯೆಂಬ ಅರಿವು ಇರಲಾರದು.

ಹಿತ್ತಾಳೆ ಎಷ್ಟು ಸೂಕ್ಷ್ಮವೆಂಬುದನ್ನು ಜಗತ್ತಿಗೆ ಕಲಿಸಿದ್ದೂ ನಮ್ಮ ದೇಶದ ಮಳೆಗಾಲವೇ. ಬ್ರಿಟಿಷ್ ಸೇನೆ ಇಲ್ಲಿ ದಾಸ್ತಾನಿಟ್ಟಿದ್ದ ತೋಟಾಗಳ ಕವಚಗಳು ಮಳೆಗಾಲ ಬಂದೊಡನೆ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಕಾಯಿಲೆಯಾದ್ದರಿಂದ ಅದಕ್ಕೆ ಋತುಬಿರುಕು ಎಂಬರ್ಥದ ಹೆಸರೇ ಬಂತು. ಕಾರಣ ಖಚಿತವಾಗಿ ತಿಳಿದದ್ದು 1921ರಲ್ಲಿ: ಕುದುರೆ ಲಾಯಗಳ ಬಳಿಯ ಗಾಳಿಯಲ್ಲಿದ್ದ ಅಮೋನಿಯ, ಮಳೆಗಾಲದ ತೇವದೊಡನೆ ಸೇರಿ, ಒಳಗೆ ಬಿಗಿತ ಉಳಿಸಿಕೊಂಡಿದ್ದ ಹಿತ್ತಾಳೆಯನ್ನು ಸೀಳುತ್ತಿತ್ತು. ಹದವಾಗಿ ಕಾಯಿಸಿ ಆ ಬಿಗಿತವನ್ನು ಇಳಿಸುವುದೇ ಅದಕ್ಕೆ ಮದ್ದಾಯಿತು. ಅಂದರೆ ಕವಚವೊಂದು ಹೊರಗಿನಿಂದ ಹೊಳೆಯುತ್ತಿದ್ದ ಮಾತ್ರಕ್ಕೆ ಗಟ್ಟಿಯಾಗಿದೆಯೆಂದು ಹೇಳಲಾಗದು. ಕತ್ತರಿಸಿದ, ತೇಯ್ದ, ಒತ್ತಿ ಅಳತೆಗೆ ತಂದ ಬದಲಿ ಕವಚದ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು.

ಹಳೆಯ ರಿವಾಲ್ವರುಗಳನ್ನು ಕಾನೂನುಬದ್ಧವಾಗಿ ಸಿಡಿಸುವ ದೇಶಗಳಲ್ಲಿ ಬದಲಿ ಕವಚದ ಆಯ್ಕೆ ಹೇಗೆ ನಡೆಯುತ್ತದೆಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬ್ರಿಟಿಷ್ ಸೇನೆಯ .455 ವೆಬ್ಲಿಯನ್ನೇ ತೆಗೆದುಕೊಳ್ಳೋಣ. ಅದರ ನಂತರದ ಕಾಲದ ತೋಟಾದ ಕವಚ ಸುಮಾರು ಇಪ್ಪತ್ತು ಮಿಲಿಮೀಟರಿಗೂ ಗಿಡ್ಡ. ಅಮೆರಿಕದ .45 ಕೋಲ್ಟ್ ಕವಚ ಇದಕ್ಕೆ ಹತ್ತಿರದ ಬಂಧು. ಆದರೆ ಅದರ ಉದ್ದ ಮೂವತ್ತೆರಡು ಮಿಲಿಮೀಟರಿಗೂ ಹೆಚ್ಚು. ಉದ್ದ ಕತ್ತರಿಸಿದರೆ ಸಾಲದು. ಅದರ ಹಿಂಬದಿಯ ಅಂಚು ದಪ್ಪ. ಹಾಗೆಯೇ ಇಟ್ಟರೆ ಸಿಲಿಂಡರ್ ತಿರುಗುವುದಿಲ್ಲ. ಅಂಚನ್ನು ತೆಳುವಾಗಿಸಬೇಕು. ಆ ಅಂಚಿನ ಅಗಲವೂ ತುಸು ಕಡಿಮೆ. ಖಾಲಿ ಕವಚವನ್ನು ಹೊರದೂಡುವ ಭಾಗಕ್ಕೆ ಹಿಡಿತ ಸಾಲದೆ ಹೋಗಬಹುದು. ಹೀಗೆ ಒಂದು ಹೊಂದಾಣಿಕೆ ಇನ್ನೊಂದನ್ನು ಕರೆಯುತ್ತದೆ. ಅಲ್ಲಿನ ನುರಿತವರು ಬದಲಿ ಕವಚ ಹುಡುಕುವ ಗೋಜಿಗೆ ಹೋಗದೆ, ಅದೇ ಅಳತೆಯಲ್ಲಿ ಹೊಸದಾಗಿ ತಯಾರಾದ ಕವಚ ಸಿಕ್ಕರೆ ಅದನ್ನೇ ಕೊಳ್ಳಿರೆಂದು ಹೇಳುವುದು ಸುಮ್ಮನೆ ಅಲ್ಲ.

ಎರಡನೆಯ ಮಹಾಯುದ್ಧದ ನಂತರದ ಎರಡು ಉದಾಹರಣೆಗಳು ಇನ್ನೂ ಕಟುವಾಗಿವೆ. ಮಿಕ್ಕುಳಿದ ವೆಬ್ಲಿಗಳು ಅಮೆರಿಕದ ಮಾರುಕಟ್ಟೆಗೆ ಬಂದಾಗ ಅವುಗಳಿಗೆ .455 ತೋಟಾ ಸುಲಭವಾಗಿ ಸಿಗುತ್ತಿರಲಿಲ್ಲ. ವ್ಯಾಪಾರಿಗಳು ಸಿಲಿಂಡರಿನ ಹಿಂಭಾಗವನ್ನು ತೇಯ್ದು, ಹೇರಳವಾಗಿ ಸಿಗುವ .45 ಎಸಿಪಿ ತೋಟಾ ಕೂರುವಂತೆ ಮಾಡಿ ಮಾರಿದರು. ತೋಟಾ ಕೂತಿತು ನಿಜ. ಆದರೆ ಅದರ ಒತ್ತಡ ವೆಬ್ಲಿಯ ಉಕ್ಕು ತಾಳಬೇಕೆಂದು ಲೆಕ್ಕ ಹಾಕಿದ್ದಕ್ಕಿಂತ ಬಹಳ ಹೆಚ್ಚು. ಹಾಗೆಯೇ ಬ್ರಿಟನ್ನಿಗಾಗಿ .38/200 ಅಳತೆಯಲ್ಲಿ ಮಾಡಿದ ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರುಗಳ ಗೂಡನ್ನು ಉದ್ದವಾಗಿ ಕೊರೆದು .38 ಸ್ಪೆಷಲ್ ತೋಟಾಕ್ಕೆ ಒಗ್ಗಿಸಿದರು. ಹೊಸ ತೋಟಾ ಉದ್ದ, ಆದರೆ ಸಪೂರ. ಸಡಿಲ ಗೂಡಿನಲ್ಲಿ ಸಿಡಿದ ಕವಚ ಬುಡದಲ್ಲಿ ಉಬ್ಬುತ್ತಿತ್ತು, ಕೆಲವೊಮ್ಮೆ ಸೀಳುತ್ತಿತ್ತು. ಎರಡೂ ಕಡೆ ತಪ್ಪಿದ್ದು ಒಂದೇ ತರ್ಕ: ಕೂರುತ್ತದೆ, ಆದ್ದರಿಂದ ಹೊಂದುತ್ತದೆ ಎಂಬ ತರ್ಕ. ಹತ್ತೊಂಬತ್ತನೆಯ ಶತಮಾನದ, ಕರಿಮದ್ದಿಗೆಂದು ಮಾಡಿದ ರಿವಾಲ್ವರುಗಳಲ್ಲಿ ಅಪಾಯ ಇನ್ನೂ ಆಳದ್ದು. ಕವಚ ಕರಾರುವಾಕ್ಕಾಗಿ ಹೊಂದಿದರೂ ಒಳಗೆ ಇಂದಿನ ಹೊಗೆರಹಿತ ಮದ್ದಿದ್ದರೆ ಆ ಹಳೆಯ ಲೋಹ ತಡೆಯದೆ ಹೋಗಬಹುದು.

ನಮ್ಮ ಬಳಗದವರಿಗೆ ಈ ತರ್ಕದೋಷ ಅಪರಿಚಿತವಲ್ಲ. ಇಂಗ್ಲಿಷ್ ಸಾಹಿತ್ಯ ಓದಿ ಕನ್ನಡದಲ್ಲಿ ಬರೆಯುವ ನಮ್ಮಂಥವರು ಇದನ್ನು ದಿನವೂ ಎದುರಿಸುತ್ತೇವೆ. ಬೇರೆ ಭಾಷೆಯ ಮಾತೊಂದನ್ನು ಉದ್ದ ಕತ್ತರಿಸಿ, ಅಂಚು ತೇಯ್ದು ಕನ್ನಡದ ವಾಕ್ಯಕ್ಕೆ ಕೂರಿಸಿದರೆ ಕೂರುತ್ತದೆ. ಓದುವಾಗ ಮಾತ್ರ ಬುಡದಲ್ಲಿ ಉಬ್ಬಿರುವುದು ತಿಳಿಯುತ್ತದೆ. ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಒಲ್ಲದ್ದೆಂದಲ್ಲ. ನಮ್ಮ ಹಳಬರು ಬಳಸುತ್ತಿದ್ದ ಕಾಡತೂಸು ಎಂಬ ಮಾತೇ ಯುರೋಪಿನಿಂದ ಹಡಗು ಹತ್ತಿ ಬಂದದ್ದು. ಕನ್ನಡದ ನಾಲಗೆ ಅದನ್ನು ತನ್ನ ಹದಕ್ಕೆ ಕಾಯಿಸಿ ಒಗ್ಗಿಸಿಕೊಂಡಿತು. ಹದಕ್ಕೆ ಕಾಯಿಸುವುದು ಬೇರೆ, ಅವಸರದಲ್ಲಿ ತೇಯ್ದು ಕೂರಿಸುವುದು ಬೇರೆ.

ಇನ್ನು ಕಾನೂನಿನ ಮಾತು. 1959ರ ಆಯುಧ ಕಾಯಿದೆಯಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆ ವಿಶಾಲವಾಗಿದೆ. ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಅದರೊಳಗೇ ಸೇರುತ್ತವೆ. ಪರವಾನಗಿ ಇಲ್ಲದೆ ತಯಾರಿಸುವುದು ಗಂಭೀರ ಅಪರಾಧ. 2019ರ ತಿದ್ದುಪಡಿ ಶಿಕ್ಷೆಯನ್ನು ಮತ್ತಷ್ಟು ಬಿಗಿಗೊಳಿಸಿದೆ. ಆದ್ದರಿಂದ ಸಹೋದ್ಯೋಗಿಯ ಪ್ರಶ್ನೆಗೆ ನೇರ ಉತ್ತರ ಒಂದೇ: ಮನೆಯಲ್ಲಿ ಕವಚ ಕತ್ತರಿಸಿ ಮದ್ದು ತುಂಬುವ ಮಾತೇ ಬೇಡ. ರಿವಾಲ್ವರ್ ಇಟ್ಟುಕೊಳ್ಳುವ ಪರವಾನಗಿ, ತೋಟಾ ತಯಾರಿಸುವ ಪರವಾನಗಿಯಲ್ಲ.

ಆದರೆ ಉತ್ತರ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಕಾಯಿದೆಯ 45ನೆಯ ಕಲಮು, ಬಳಕೆ ತಪ್ಪಿದ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ಷರತ್ತು ಒಂದಿದೆ. ರಿಪೇರಿ ಮಾಡಿದರೂ ಮಾಡದಿದ್ದರೂ ಅದನ್ನು ಸಿಡಿಸಲು ಬರಬಾರದು. ಒಳ್ಳೆಯ ಸ್ಥಿತಿಯಲ್ಲಿ ಕಾಪಾಡಿದ ರಿವಾಲ್ವರ್ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಇದರಿಂದ ವಿಚಿತ್ರ ನ್ಯಾಯವೊಂದು ಹುಟ್ಟುತ್ತದೆ: ಅಜ್ಜನ ಆಯುಧವನ್ನು ತುಕ್ಕು ಹಿಡಿಸಿ ಕೆಡಿಸಿದವನಿಗೆ ವಿನಾಯಿತಿ, ಎಣ್ಣೆ ಹಚ್ಚಿ ಉಳಿಸಿದವನಿಗೆ ಕಚೇರಿಯ ಅಲೆದಾಟ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದ ಆಯುಧವೂ ಈ ಎರಡರ ಲೆಕ್ಕದೊಳಗೇ ಇರಬೇಕೆಂದು ಸ್ಪಷ್ಟವಾಗಿ ಬರೆಯಿತು. ತೋಟಾವೇ ಇಲ್ಲದ ನೂರು ವರ್ಷದ ರಿವಾಲ್ವರೂ ನಿನ್ನೆ ಕೊಂಡ ಹೊಸ ಪಿಸ್ತೂಲೂ ಲೆಕ್ಕದಲ್ಲಿ ಒಂದೊಂದೇ. ಅಕ್ರಮ ಆಯುಧಗಳ ಹಾವಳಿ ತಡೆಯಲೆಂದು ಮಾಡಿದ ನಿಯಮ ಹೀಗೆ ಪರವಾನಗಿಯುಳ್ಳ ಪಿತ್ರಾರ್ಜಿತದ ಮೇಲೆ ಬಿದ್ದದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇತ್ತ 1972ರ ಪ್ರಾಚೀನ ವಸ್ತುಗಳ ಕಾಯಿದೆ, ನೂರು ವರ್ಷ ದಾಟಿದ ಕಲೆ ಕುಶಲಕರ್ಮಗಳ ವಸ್ತುವನ್ನು ದೇಶದ ಸ್ವತ್ತೆಂಬಂತೆ ಕಾಣುತ್ತದೆ. ಅಪ್ಪಣೆಯಿಲ್ಲದೆ ಹೊರದೇಶಕ್ಕೆ ಒಯ್ಯಗೊಡದು. ಒಂದು ಕಾಯಿದೆಯ ಕಣ್ಣಿಗೆ ಪರಂಪರೆಯಾಗಬಲ್ಲದ್ದು ಇನ್ನೊಂದರ ಕಣ್ಣಿಗೆ ಹೆಚ್ಚುವರಿ ಬಂದೂಕು. ಕಡತಗಳ ನಡುವೆಯೇ ಹೊಟ್ಟೆ ಹೊರೆಯುವ ನಮಗೆ ಇಂಥ ವೈರುಧ್ಯಗಳು ಹೊಸವಲ್ಲ. ಆದರೆ ಇಲ್ಲಿ ವೈರುಧ್ಯದ ಬೆಲೆ ತೆರುವುದು ವಸ್ತು: ಮಿತಿಯಿಂದ ಹೊರಬಿದ್ದ ಆಯುಧವನ್ನು ಠಾಣೆಯಲ್ಲೋ ವ್ಯಾಪಾರಿಯಲ್ಲೋ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಅದರ ಇತಿಹಾಸವನ್ನು ಕೇಳುವವರಿಲ್ಲ.

ಬೇರೆ ದೇಶಗಳು ಈ ಗೆರೆಯನ್ನು ಹೇಗೆ ಎಳೆದಿವೆ? ಅಮೆರಿಕದ ಒಕ್ಕೂಟ ಕಾನೂನು ಇಸವಿಯನ್ನು ನಂಬುತ್ತದೆ. 1898 ಅಥವಾ ಅದಕ್ಕೂ ಹಿಂದೆ ತಯಾರಾದದ್ದು ಪುರಾತನ. ಬ್ರಿಟನ್ ನಂಬುವುದು ಹಿತ್ತಾಳೆಯನ್ನು. ತೋಟಾ ಬಳಕೆ ತಪ್ಪಿದ ಅಳತೆಯದಾಗಿದ್ದು, ಆಯುಧವನ್ನು ಕುತೂಹಲಕ್ಕಾಗಿ ಅಥವಾ ಅಲಂಕಾರಕ್ಕಾಗಿ ಮಾತ್ರ ಇಟ್ಟುಕೊಂಡಿದ್ದರೆ ಅಲ್ಲಿ ಪರವಾನಗಿ ಬೇಡ. ಈ ಏರ್ಪಾಟಿಗೆ ಏಟು ಬಿದ್ದದ್ದು ಎಲ್ಲಿಂದ ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಬಳಕೆ ತಪ್ಪಿದ್ದೆಂದು ಪಟ್ಟಿ ಮಾಡಿದ ಅಳತೆಗಳಿಗೂ ಪಾತಕಿಗಳು ತೋಟಾ ತಯಾರಿಸಿಕೊಂಡು ಹಳೆಯ ರಿವಾಲ್ವರುಗಳನ್ನು ಅಪರಾಧಕ್ಕೆ ಬಳಸಿದರು. 2021ರಲ್ಲಿ ಅಲ್ಲಿನ ಸರ್ಕಾರ ಹೊಸ ನಿಯಮ ತಂದು, .44 ಸ್ಮಿತ್ ಅಂಡ್ ವೆಸ್ಸನ್ ರಷ್ಯನ್ ಸೇರಿದಂತೆ ಏಳು ಅಳತೆಗಳನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಅಷ್ಟು ಕಾಲ ಪ್ರಾಮಾಣಿಕವಾಗಿ ಸಂಗ್ರಹಿಸಿದವರೂ ಪರವಾನಗಿ ಪಡೆಯಬೇಕಾಯಿತು, ಇಲ್ಲವೇ ಬಿಟ್ಟುಕೊಡಬೇಕಾಯಿತು. ಬದಲಿ ಹಿತ್ತಾಳೆ ಎಂಬುದು ಕೇವಲ ಹವ್ಯಾಸಿಗಳ ಜಾಣ್ಮೆಯ ಪ್ರಶ್ನೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಒಂದು ಕವಚ ಹೊಂದುವುದೋ ಇಲ್ಲವೋ ಎಂಬುದರ ಮೇಲೆ ಒಂದು ವಸ್ತು ಗೋಡೆಯ ಅಲಂಕಾರವೋ ಕೊಲೆಯ ಸಾಧನವೋ ಎಂಬುದು ನಿಂತಿದೆ.

ನಮ್ಮ ನಾಡಿಗೆ ಆಯುಧದ ನೆನಪು ಹಗುರವಾದದ್ದಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲೊಪ್ಪದೆ ದಂಗೆಯೆದ್ದರು, ಊರೇ ಸುಟ್ಟುಹೋಯಿತು. ಆ ಕಥನದ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಮುಂಬಯಿ ಪ್ರಾಂತ್ಯದ ಅಧಿಕಾರಿಯೇ ಆಗಿದ್ದ, ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್. ಕೊಡಗಿನ ಕಥೆ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ರೂಪ ಬದಲಿಸುತ್ತ ಇಂದಿಗೂ ನಡೆದುಬಂದಿದೆ. ಕೊಡವರೂ ಜಮ್ಮಾ ಹಿಡುವಳಿದಾರರೂ ಕೋವಿಗೆ ಪರವಾನಗಿ ಪಡೆಯಬೇಕಿಲ್ಲವೆಂಬ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವೇರಿಸಿ ಪೂಜಿಸುವ ಸಮುದಾಯಕ್ಕೆ ಅದು ಬರೀ ಲೋಹವಲ್ಲವೆಂಬುದನ್ನು ಕಾನೂನು ಒಪ್ಪಿಕೊಂಡಿತು. ಒಂದು ಕಡೆ ಆಯುಧದ ಹಿಂದಿನ ನೆನಪಿಗೆ ಜಾಗ ಕೊಡಬಲ್ಲ ವ್ಯವಸ್ಥೆ, ಇನ್ನೊಂದು ಕಡೆ ಸಿಡಿಯದ ರಿವಾಲ್ವರಿಗೆ ಒಂದು ಪ್ರತ್ಯೇಕ ಕಾಲಂ ಮಾಡಿಕೊಡಲಾರದೆ?

ಮಾಡಿಕೊಡಬಹುದೆಂಬುದೇ ನಮ್ಮ ಅಭಿಪ್ರಾಯ. ತಯಾರಿಕೆಯ ಇಸವಿ ಮತ್ತು ಬಳಕೆ ತಪ್ಪಿದ ತೋಟಾದ ಅಳತೆ ಎರಡನ್ನೂ ಕೂಡಿಸಿ ಒಂದು ವರ್ಗ ಇರಲಿ. ಆ ವರ್ಗದ ಆಯುಧ ನೋಂದಣಿಯಲ್ಲಿರಲಿ, ತಪಾಸಣೆಗೆ ಸಿಗುವಂತಿರಲಿ. ಆದರೆ ಎರಡು ಬಂದೂಕುಗಳ ಲೆಕ್ಕದಿಂದ ಹೊರಗಿರಲಿ. ಅದಕ್ಕೆ ಪ್ರತಿಯಾಗಿ ಇಟ್ಟುಕೊಂಡವರು ತೋಟಾದ ಹಕ್ಕನ್ನು ಪೂರ್ತಿ ಬಿಟ್ಟುಕೊಡಲಿ: ಗುಂಡಿಲ್ಲ, ಕೇಪಿಲ್ಲ, ಬದಲಿ ಕವಚವೂ ಇಲ್ಲ. ಬ್ರಿಟನ್ನಿನ ಅನುಭವದಿಂದ ಪಾಠ ಕಲಿತು, ಅಳತೆಗಳ ಪಟ್ಟಿಯನ್ನು ಕಾಲಕಾಲಕ್ಕೆ ಮರುಪರಿಶೀಲಿಸುವ ಏರ್ಪಾಟು ಮೊದಲೇ ಇರಲಿ. ಒಪ್ಪಿಸಿದ ಆಯುಧಗಳು ಕುಲುಮೆಗೆ ಹೋಗುವ ಮುನ್ನ ವಸ್ತುಸಂಗ್ರಹಾಲಯದ ತಜ್ಞರು ಒಮ್ಮೆ ಕಣ್ಣಾಡಿಸುವುದು ಕಡ್ಡಾಯವಾಗಲಿ.

ಇದಕ್ಕೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಸಿಡಿಸಬಲ್ಲ ಆಯುಧ ಸಿಡಿಸಬಲ್ಲದ್ದೇ, ಅದನ್ನು ಲೆಕ್ಕದಿಂದ ಬಿಡುವುದು ಅಪಾಯವೆಂದು ಪೊಲೀಸ್ ಇಲಾಖೆ ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ನಾವು ಕೇಳುತ್ತಿರುವುದು ವಿನಾಯಿತಿಯನ್ನಲ್ಲ, ಬೇರೆ ನೋಂದಣಿಯನ್ನು. ಕಣ್ಣಿಗೆ ಕಾಣುವಂತೆ ಇರಲು ದಾರಿ ಕೊಟ್ಟರೆ ವಸ್ತು ದಫ್ತರಿನಲ್ಲಿ ಉಳಿಯುತ್ತದೆ. ದಾರಿ ಮುಚ್ಚಿದರೆ ಅಟ್ಟ ಸೇರುತ್ತದೆ. ಎರಡನೆಯ ಆಕ್ಷೇಪ ಹವ್ಯಾಸಿಗಳದ್ದು: ಸಿಡಿಯದ ರಿವಾಲ್ವರ್ ನುಡಿಸದ ವೀಣೆಯಂತೆ, ಅದನ್ನು ಕಾಪಾಡಿ ಏನು ಫಲ? ಮರುಭರ್ತಿಯಲ್ಲಿ ನುರಿತ ವಿದೇಶಿ ಹವ್ಯಾಸಿಗಳ ತಾಳ್ಮೆ, ಲೆಕ್ಕಾಚಾರಗಳನ್ನು ನಾವು ಗೌರವಿಸುತ್ತೇವೆ. ಆದರೆ ಈ ಹೋಲಿಕೆಯನ್ನು ಒಪ್ಪಲಾರೆವು. ಕೋಟೆ ಪ್ರದೇಶದ ವಸ್ತುಸಂಗ್ರಹಾಲಯದಲ್ಲಿ ಅಕ್ಬರನ ಎದೆಗವಚವನ್ನೂ ಗುರಾಣಿಯನ್ನೂ ನೋಡುವವರು, ಕತ್ತಿಯಿಂದ ಒಮ್ಮೆ ಬಡಿದು ತೋರಿಸಿ ಎನ್ನುವುದಿಲ್ಲ. ಆಯುಧದ ಕೆಲಸ ಮುಗಿದ ಮೇಲೂ ಅದರ ಕಥೆ ಉಳಿಯುತ್ತದೆ. ಕಥೆ ಹೇಳಲು ಮದ್ದು ಬೇಕಿಲ್ಲ.

ವೆಬ್ಲಿ ಹೆಸರಿನ ರಿವಾಲ್ವರ್ ಈಗ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೇ ತಯಾರಾಗುತ್ತಿದೆ, ಆದರೆ .32 ಅಳತೆಯಲ್ಲಿ. ಹೆಸರು ಮರಳಿ ಬಂದಿದೆ, ಹಳೆಯ ತೋಟಾ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಮನೆಯಲ್ಲಿ ಇಂಥ ಪಿತ್ರಾರ್ಜಿತ ಇರುವವರಿಗೆ ನಾವು ಹೇಳುವುದಿಷ್ಟು. ಹಿರಿಯರು ತೀರಿಕೊಂಡೊಡನೆ ಪರವಾನಗಿಯ ವಿಷಯವನ್ನು ಠಾಣೆಗೆ ಬರಹದಲ್ಲಿ ತಿಳಿಸಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಡ್ರಾಯರಿನ ಮೂಲೆಯಲ್ಲಿ ಹಳೆಯ ತೋಟಾಗಳಿದ್ದರೆ ಅವನ್ನೂ ಅಲ್ಲಿಗೇ ಒಪ್ಪಿಸಿ; ಹಸಿರು ಕಿಲುಬು ಹಿಡಿದ ಹಿತ್ತಾಳೆಯನ್ನು ಉಜ್ಜಿ ಹೊಳೆಸುವ ಆಸೆ ಬೇಡ. ರಿವಾಲ್ವರನ್ನು ಚರ್ಮದ ಚೀಲದಿಂದ ಹೊರತೆಗೆದಿಡಿ; ಮುಂಬಯಿಯ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಲೋಹವನ್ನು ತಿನ್ನುತ್ತದೆ. ಅದು ಯಾರದು, ಯಾವ ಕಾಲದ್ದು, ಮನೆಗೆ ಹೇಗೆ ಬಂತು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ, ಕನ್ನಡದಲ್ಲಿ ಒಂದು ಪುಟ ಬರೆದು ಪರವಾನಗಿ ಪುಸ್ತಕದೊಳಗೆ ಇಡಿ. ಆ ರಿವಾಲ್ವರಿಗೆ ಈಗ ಬೇಕಾಗಿರುವುದು ಆ ಒಂದು ಪುಟ.